ಬರಿದಾದ ಬಯಲು: ಪೂರ್ವ ಆಫ್ರಿಕದ ಸಫಾರಿಯ ಚರಿತ್ರೆ

ಆಫ್ರಿಕದ ವನ್ಯಜೀವಿ ತಾಣಗಳ ಪೈಕಿ ಜಗತ್ತಿಗೆ ಹೆಚ್ಚು ಪರಿಚಿತವಾದವು ಕೀನ್ಯ ಮತ್ತು ಟಾಂಜಾನಿಯ ದೇಶಗಳ ಗಡಿಯ ಎರಡೂ ಬದಿಗೆ ಹರಡಿಕೊಂಡಿರುವ ಮಸಾಯಿ ಮಾರಾ ಮತ್ತು ಸೆರೆಂಗೆಟಿ ಬಯಲುಗಳು. ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡೆಬೀಸ್ಟ್‌ಗಳು, ಅಂದರೆ ಹುಲ್ಲೆಗಳ ಬಳಗಕ್ಕೆ ಸೇರಿದ ಗಡ್ಡದ ಮೃಗಗಳು, ಮಳೆಯ ಬೆನ್ನು ಹಿಡಿದು ವರ್ಷವಿಡೀ ಈ ಬಯಲನ್ನು ಸುತ್ತುತ್ತವೆ. ಅವುಗಳ ಹಿಂದೆ ಸಿಂಹ, ಕತ್ತೆಕಿರುಬಗಳೂ, ಅವೆಲ್ಲವುಗಳ ಹಿಂದೆ ಕ್ಯಾಮೆರಾ ಹಿಡಿದ ಪ್ರವಾಸಿಗರೂ ಇರುತ್ತಾರೆ. ಪ್ರವಾಸಿಗರಿಗಾಗಿ ಬರೆದ ಸಾಹಿತ್ಯವು ಈ ನೆಲವನ್ನು ಮನುಷ್ಯನ ಕೈ ಸೋಕದ ಆದಿಮ ನಿಸರ್ಗವೆಂದು ವರ್ಣಿಸುತ್ತದೆ. ಚರಿತ್ರೆಯ ದಾಖಲೆಗಳು ಈ ವರ್ಣನೆಯನ್ನು ಒಪ್ಪುವುದಿಲ್ಲ. ಇಂದು ಕಾಣುವ ಬಯಲು ಕಳೆದ ಒಂದೂವರೆ ಶತಮಾನದಲ್ಲಿ ದಂತದ ವ್ಯಾಪಾರ, ದನಗಳ ಪಿಡುಗು, ರೈಲುಮಾರ್ಗ, ಬೇಟೆಯ ಪರವಾನಗಿ, ಒಕ್ಕಲೆಬ್ಬಿಸುವಿಕೆ ಮತ್ತು ಲಸಿಕೆಗಳ ಮೂಲಕ ರೂಪುಗೊಂಡದ್ದು. ಅದನ್ನು ನೋಡಲು ಹೋಗುವ ಪಯಣವಾದ ಸಫಾರಿಯೂ ಅದೇ ಇತಿಹಾಸದ ಕೂಸು.

ಪೂರ್ವ ಕರಾವಳಿಯ ಸ್ವಾಹಿಲಿ ಭಾಷೆಯಲ್ಲಿ ಯಾವುದೇ ದೂರಪ್ರಯಾಣಕ್ಕೂ ಸಫಾರಿ ಎಂಬ ಹೆಸರಿದೆ. 19ನೆಯ ಶತಮಾನದಲ್ಲಿ ಆ ಹೆಸರು ಮುಖ್ಯವಾಗಿ ಸಲ್ಲುತ್ತಿದ್ದುದು ಕರಾವಳಿಯ ಬಗಮೋಯೊ ಮುಂತಾದ ಪಟ್ಟಣಗಳಿಂದ ಒಳನಾಡಿನ ದೊಡ್ಡ ಸರೋವರಗಳ ಕಡೆಗೆ ಕಾಲ್ನಡಿಗೆಯಲ್ಲಿ ಹೊರಡುತ್ತಿದ್ದ ವ್ಯಾಪಾರಿ ಸಾರ್ಥಗಳಿಗೆ. ಒಮಾನಿನ ಸುಲ್ತಾನ ಸಯ್ಯಿದ್ ಸಯೀದನು 1840ರ ಹೊತ್ತಿಗೆ ತನ್ನ ಆಸ್ಥಾನವನ್ನು ಮಸ್ಕತ್‌ನಿಂದ ಜಾಂಜಿಬಾರ್ ದ್ವೀಪಕ್ಕೆ ಬದಲಿಸಿದ ಮೇಲೆ ಈ ಸಾರ್ಥಗಳ ಸಂಖ್ಯೆಯೂ ಗಾತ್ರವೂ ಬೆಳೆದವು. ಒಳನಾಡಿಗೆ ಹೋಗುವಾಗ ಹೊರೆಗಳಲ್ಲಿ ಇರುತ್ತಿದ್ದುದು ಅಮೆರಿಕದಿಂದ ಬಂದ ಮೆರಿಕಾನಿ ಎಂಬ ಒರಟು ಹತ್ತಿಬಟ್ಟೆ, ಭಾರತದ ನೀಲಿಬಟ್ಟೆ, ಗಾಜಿನ ಮಣಿ, ಹಿತ್ತಾಳೆ ತಂತಿ, ಬಂದೂಕು ಮತ್ತು ಮದ್ದು. ಮರಳಿ ಬರುವಾಗ ಇರುತ್ತಿದ್ದುದು ಆನೆಯ ದಂತ. ಅದರ ಜೊತೆಗೆ ಹಗ್ಗದಲ್ಲಿ, ಸರಪಳಿಯಲ್ಲಿ ಬಿಗಿದ ಗುಲಾಮರು. ಗುಲಾಮರ ವ್ಯಾಪಾರದ ಈ ಭಾಗವನ್ನು ಬಿಟ್ಟು ಸಫಾರಿಯ ಚರಿತ್ರೆಯನ್ನು ಹೇಳಲು ಬರುವುದಿಲ್ಲ. ಜಾಂಜಿಬಾರಿನ ಗುಲಾಮರ ಸಂತೆ ಬ್ರಿಟಿಷರ ಒತ್ತಡದಿಂದ ಮುಚ್ಚಿದ್ದು 1873ರಲ್ಲಿ.

ಈ ವ್ಯಾಪಾರದಲ್ಲಿ ಭಾರತದ ಪಾಲು ಚಿಕ್ಕದಾಗಿರಲಿಲ್ಲ. ಜಾಂಜಿಬಾರಿನ ಸುಂಕ ವಸೂಲಿಯ ಗುತ್ತಿಗೆ ದಶಕಗಳ ಕಾಲ ಕಛ್‌ನ ಭಾಟಿಯಾ ವರ್ತಕ ಜಯರಾಮ್ ಶಿವಜಿಯ ಮನೆತನದ ಕೈಯಲ್ಲಿತ್ತು. ಸಾರ್ಥಗಳಿಗೆ ಬೇಕಾದ ಬಂಡವಾಳವನ್ನು ಸಾಲವಾಗಿ ಕೊಡುತ್ತಿದ್ದವರೂ ಹೆಚ್ಚಾಗಿ ಗುಜರಾತಿ ಮಾತಾಡುವ ವರ್ತಕರೇ. ದಂತದ ಬಹುಭಾಗ ಮೊದಲು ಮುಂಬಯಿಗೆ ಬರುತ್ತಿತ್ತು. ಅದರಲ್ಲಿ ಸ್ವಲ್ಪ ಭಾರತದ ಹೆಂಗಸರ ಮದುವೆಯ ಬಳೆಗಳಾಗಿ ಇಲ್ಲೇ ಉಳಿಯುತ್ತಿತ್ತು, ಮಿಕ್ಕದ್ದು ಲಂಡನ್ನಿಗೆ ಹೋಗಿ ಪಿಯಾನೊದ ಮಣೆಗಳೂ ಬಿಲಿಯರ್ಡ್ಸ್ ಚೆಂಡುಗಳೂ ಆಗುತ್ತಿತ್ತು. ಪೂರ್ವ ಆಫ್ರಿಕದ ಆನೆಗಳ ಮೊದಲ ದೊಡ್ಡ ನಾಶ ಐರೋಪ್ಯ ಬೇಟೆಗಾರರು ಬರುವುದಕ್ಕೂ ಮೊದಲು, ಹೀಗೆ ಬಳೆ ಮತ್ತು ಬಿಲಿಯರ್ಡ್ಸ್‌ಗಾಗಿ ನಡೆಯಿತು ಎಂಬುದು ನಮ್ಮ ಕಡೆಯ ಇತಿಹಾಸ ಬರಹಗಳಲ್ಲಿ ಅಪರೂಪಕ್ಕೆ ಕಾಣುವ ಸಂಗತಿ.

ಸಾರ್ಥವನ್ನು ನಡೆಸುತ್ತಿದ್ದುದು ಮನುಷ್ಯರ ತಲೆ ಮತ್ತು ಹೆಗಲು. ತ್ಸೆತ್ಸೆ ಎಂಬ ರಕ್ತಹೀರುವ ನೊಣವು ಹರಡುವ ರೋಗಾಣುವಿನಿಂದ ಎತ್ತು, ಕುದುರೆಗಳು ಆ ದಾರಿಗಳಲ್ಲಿ ಬದುಕುತ್ತಿರಲಿಲ್ಲ. ಆದ್ದರಿಂದ ಗಾಡಿಯೂ ಇರಲಿಲ್ಲ, ಹೇರುಪ್ರಾಣಿಯೂ ಇರಲಿಲ್ಲ. ಇಂದಿನ ಟಾಂಜಾನಿಯದ ಒಳನಾಡಿನ ನ್ಯಾಮ್ವೇಜಿ ಜನರು ಹೊರೆ ಹೊರುವುದನ್ನು ಹೆಮ್ಮೆಯ ಕಸುಬಾಗಿ ಬೆಳೆಸಿದ್ದರು. ಒಬ್ಬೊಬ್ಬನೂ ಸುಮಾರು 30 ಕಿಲೋಗ್ರಾಂ ಹೊರೆಯೊಂದಿಗೆ ತಿಂಗಳುಗಟ್ಟಲೆ ನಡೆಯುತ್ತಿದ್ದ, ಕರಾವಳಿಯನ್ನು ಕಾಣದ ಯುವಕನಿಗೆ ಊರಿನಲ್ಲಿ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರೆಂದೂ ಅಂದಿನ ಪ್ರವಾಸಿಗಳು ದಾಖಲಿಸಿದ್ದಾರೆ. ಮುಂಚೂಣಿಯಲ್ಲಿ ಕಿರಂಗೋಜಿ ಎಂಬ ದಾರಿಕಾರನು ಬಾವುಟ ಹಿಡಿದು ಸಾಗುತ್ತಿದ್ದ. ಅಸ್ಕರಿಗಳೆಂಬ ಬಂದೂಕುಧಾರಿ ಕಾವಲುಗಾರರು ಹಿಂದುಮುಂದೆ ಇರುತ್ತಿದ್ದರು. ದಾರಿಯ ಪಾಳೆಯಗಾರರಿಗೆ ಹೊಂಗೊ ಎಂಬ ಸುಂಕವನ್ನು ಬಟ್ಟೆ, ಮಣಿಗಳಲ್ಲಿ ಕೊಟ್ಟು, ಎಷ್ಟೋ ವೇಳೆ ದಿನಗಟ್ಟಲೆ ಚೌಕಾಶಿ ಮಾಡಿ ಮುಂದೆ ಹೋಗಬೇಕಾಗಿತ್ತು. ನೈಲ್ ನದಿಯ ಮೂಲವನ್ನು ಹುಡುಕಿ ಬಂದ ಐರೋಪ್ಯ ಶೋಧಕರು ಹೊಸ ದಾರಿಯನ್ನೇನೂ ತುಳಿಯಲಿಲ್ಲ. ಅವರು ಈ ಸಾರ್ಥದ ವ್ಯವಸ್ಥೆಯನ್ನೇ ಬಾಡಿಗೆಗೆ ಪಡೆದರು.

ಈ ಮಾತಿಗೆ ಒಳ್ಳೆಯ ಸಾಕ್ಷಿ ಸಿದಿ ಮುಬಾರಕ್ ಬಾಂಬೆ ಎಂಬ ವ್ಯಕ್ತಿ. ಯಾವೊ ಜನಾಂಗದಲ್ಲಿ ಹುಟ್ಟಿ ಬಾಲ್ಯದಲ್ಲೇ ಗುಲಾಮನಾಗಿ ಮಾರಾಟವಾದ ಆತ ಪಶ್ಚಿಮ ಭಾರತದಲ್ಲಿ ಹಲವು ವರ್ಷ ಕಳೆದು, ಒಡೆಯ ತೀರಿಕೊಂಡ ಮೇಲೆ ಸ್ವತಂತ್ರನಾಗಿ ಜಾಂಜಿಬಾರಿಗೆ ಮರಳಿದ್ದ. 1857ರಲ್ಲಿ ಹೊರಟ ರಿಚರ್ಡ್ ಬರ್ಟನ್ ಮತ್ತು ಜಾನ್ ಸ್ಪೀಕ್‌ರ ತಂಡದಲ್ಲಿಯೂ, ಬಳಿಕ ಸ್ಪೀಕ್ ಮತ್ತು ಗ್ರಾಂಟ್‌ರ ಜೊತೆಯಲ್ಲಿಯೂ, 1871ರಲ್ಲಿ ಲಿವಿಂಗ್‌ಸ್ಟನ್‌ನನ್ನು ಹುಡುಕಿ ಹೋದ ಸ್ಟಾನ್ಲಿಯ ಸಾರ್ಥದಲ್ಲಿಯೂ, ಮತ್ತೆ ಖಂಡವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದ ಕ್ಯಾಮೆರನ್‌ನೊಂದಿಗೂ ನಡೆದವನು ಈತನೇ. ಸ್ವಾಹಿಲಿ ಬಾರದ ಸ್ಪೀಕ್ ಮತ್ತು ಇಂಗ್ಲಿಷ್ ಬಾರದ ಬಾಂಬೆ ಪರಸ್ಪರ ಮಾತಾಡುತ್ತಿದ್ದುದು ಇಬ್ಬರೂ ಭಾರತದಲ್ಲಿ ಕಲಿತಿದ್ದ ಹಿಂದುಸ್ತಾನಿಯಲ್ಲಿ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಕೊನೆಗಾಲದಲ್ಲಿ ಅವನಿಗೆ ಪಿಂಚಣಿಯನ್ನು ಕೊಟ್ಟಿತು; ಸರೋವರಗಳಿಗೆ ಮಾತ್ರ ಬೇರೆಯವರ ಹೆಸರುಗಳು ಬಂದವು. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಜನರ ಪೂರ್ವಜರು ಕರ್ನಾಟಕಕ್ಕೆ ಬಂದದ್ದೂ ಇಂಥದೇ ಗುಲಾಮ ವ್ಯಾಪಾರದ ಕಡಲದಾರಿಗಳ ಮೂಲಕವೇ ಎಂಬುದನ್ನು ಇಲ್ಲಿ ನೆನೆಯಬಹುದು.

ಆ ಕಾಲದ ಬಯಲು ಖಾಲಿಯಾಗಿರಲಿಲ್ಲ. ಮಸಾಯಿ ಎಂಬ ದನಗಾಹಿ ಜನರು ಇಂದಿನ ಕೀನ್ಯದ ಲೈಕಿಪಿಯ ಪ್ರಸ್ಥಭೂಮಿಯಿಂದ ಟಾಂಜಾನಿಯದ ನಡುಭಾಗದವರೆಗೆ ಹುಲ್ಲುಗಾವಲುಗಳನ್ನು ಹಿಡಿದು, ಮಳೆಗಾಲದಲ್ಲಿ ತಗ್ಗಿಗೂ ಬೇಸಿಗೆಯಲ್ಲಿ ಎತ್ತರದ ನೀರಿನ ನೆಲೆಗಳಿಗೂ ಮಂದೆಗಳನ್ನು ಅಟ್ಟಿಕೊಂಡು ಬದುಕಿದ್ದರು. ಹೊಸ ಹುಲ್ಲು ಚಿಗುರಲೆಂದು ಹಳೆಯದಕ್ಕೆ ಬೆಂಕಿ ಕೊಡುವುದು ಅವರ ವಾಡಿಕೆ. ಆ ಬೆಂಕಿ ಮತ್ತು ಮೇವಿನಿಂದ ಪೊದೆಗಳು ಹಿಂದೆ ಸರಿದು ಬಯಲು ಬಯಲಾಗಿಯೇ ಉಳಿಯುತ್ತಿತ್ತು, ಪೊದೆಯ ನೆರಳನ್ನು ಬಯಸುವ ತ್ಸೆತ್ಸೆ ನೊಣವೂ ದೂರವಿರುತ್ತಿತ್ತು. ಮಸಾಯಿಗಳು ಸಾಮಾನ್ಯವಾಗಿ ಬೇಟೆಯ ಮಾಂಸವನ್ನು ತಿನ್ನುವವರಲ್ಲ. ಆದ್ದರಿಂದ ದನಗಳ ನಡುವೆಯೇ ಜೀಬ್ರಾ, ಹುಲ್ಲೆಗಳು ಮೇಯುತ್ತಿದ್ದವು.

ಈ ವ್ಯವಸ್ಥೆಯನ್ನು ಒಂದೇ ದಶಕದಲ್ಲಿ ಮುರಿದದ್ದು ಒಂದು ವೈರಾಣು. ರಿಂಡರ್‌ಪೆಸ್ಟ್ ಎಂದು ವಿಜ್ಞಾನ ಕರೆಯುವ, ಕನ್ನಡ ನಾಡಿನ ರೈತರು ದೊಡ್ಡರೋಗವೆಂದು ಕರೆದು ಹೆದರುತ್ತಿದ್ದ ಈ ಪಿಡುಗು ಗೊರಸಿನ ಪ್ರಾಣಿಗಳಲ್ಲಿ ಜ್ವರ, ಬಾಯಿಹುಣ್ಣು, ಭೇದಿಯಾಗಿ ಆರಂಭವಾಗಿ ಒಂದೆರಡು ವಾರಗಳಲ್ಲಿ ಕೊಲ್ಲುತ್ತದೆ. 1887ರ ಸುಮಾರಿಗೆ ಇಟಲಿಯ ಸೇನೆಯು ಕೆಂಪು ಸಮುದ್ರದ ತೀರದ ಮಸ್ಸಾವಾ ಬಂದರಿಗೆ ತಂದಿಳಿಸಿದ ದನಗಳೊಂದಿಗೆ ಅದು ಆಫ್ರಿಕದ ಕೊಂಬನ್ನು ಹೊಕ್ಕಿತು. ಆ ದನಗಳು ಭಾರತದಿಂದ ಬಂದವೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಅಲ್ಲಿನ ದನಗಳು ಹಿಂದೆಂದೂ ಕಾಣದ ರೋಗವಾದ್ದರಿಂದ ತಡೆಯುವ ಶಕ್ತಿ ಯಾವುದಕ್ಕೂ ಇರಲಿಲ್ಲ. 1891ರ ಹೊತ್ತಿಗೆ ಮಸಾಯಿ ನಾಡನ್ನು ತಲಪಿದ ಪಿಡುಗು 1897ರೊಳಗೆ ಖಂಡದ ದಕ್ಷಿಣ ತುದಿಯನ್ನೂ ಮುಟ್ಟಿತು. ದಾರಿಯುದ್ದಕ್ಕೂ ನೂರು ದನಗಳಿದ್ದಲ್ಲಿ ಹತ್ತು ಉಳಿದರೆ ಹೆಚ್ಚೆಂಬಂತಾಯಿತು. ಕಾಡೆಮ್ಮೆ, ವಿಲ್ಡೆಬೀಸ್ಟ್, ಜಿರಾಫೆಗಳೂ ಸತ್ತವು. ದನಗಳ ಹಿಂದೆ ಬರಗಾಲ, ಬರಗಾಲದ ಹಿಂದೆ ಸಿಡುಬು ಬಂದಿತು. 1892ರಲ್ಲಿ ಎನ್‌ಗೊರೊಂಗೊರೊ ಮತ್ತು ಸೆರೆಂಗೆಟಿಗಳನ್ನು ದಾಟಿಹೋದ ಆಸ್ಟ್ರಿಯದ ಆಸ್ಕರ್ ಬೌಮನ್ನನು ಅಲ್ಲಿನ ಮಸಾಯಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಸತ್ತಿರಬೇಕೆಂದು ಅಂದಾಜಿಸಿ, ಎಲುಬಿನ ಗೂಡುಗಳಂತಾಗಿ ತನ್ನ ಬಿಡಾರಕ್ಕೆ ಬಂದು ತಿರುಪೆ ಬೇಡಿದವರ ಸ್ಥಿತಿಯನ್ನು ಬರೆದಿಟ್ಟಿದ್ದಾನೆ. ಮಸಾಯಿಗಳು ಆ ವರ್ಷಗಳನ್ನು ಎಮುಟಾಯಿ, ಸರ್ವನಾಶದ ಕಾಲ, ಎಂದು ಇಂದಿಗೂ ಕರೆಯುತ್ತಾರೆ.

ಮೇಯುವ ದನವೂ ಬೆಂಕಿ ಇಡುವ ಮನುಷ್ಯನೂ ಇಲ್ಲವಾದ ಕಡೆ ಪೊದೆ ಬೆಳೆಯಿತು, ಪೊದೆಯೊಂದಿಗೆ ತ್ಸೆತ್ಸೆ ಬಂದಿತು, ನೊಣಕ್ಕೆ ಹೆದರಿ ಜನ ಹಿಂದಿರುಗಲಿಲ್ಲ. ಕಾಡುಪ್ರಾಣಿಗಳಲ್ಲಿ ಬಹುಪಾಲಿಗೆ ನೊಣ ತರುವ ರೋಗ ಬಾಧಿಸದಿರುವುದರಿಂದ ಅವು ಮಾತ್ರ ಚೇತರಿಸಿಕೊಂಡವು. ಬ್ರಿಟನ್ ಮತ್ತು ಜರ್ಮನಿಗಳು ಕರಾವಳಿಯಿಂದ ವಿಕ್ಟೋರಿಯ ಸರೋವರದವರೆಗೆ ಭೂಪಟದ ಮೇಲೆ ಗೆರೆ ಎಳೆದು ನಾಡನ್ನು ಹಂಚಿಕೊಂಡದ್ದು ಸರಿಯಾಗಿ ಇದೇ ವರ್ಷಗಳಲ್ಲಿ. ಒಂದೇ ಹುಲ್ಲುಗಾವಲಿನ ಉತ್ತರ ತುದಿ ಕೀನ್ಯಕ್ಕೂ ಮಿಕ್ಕದ್ದು ಟಾಂಜಾನಿಯಕ್ಕೂ ಸೇರಿದ್ದು ಆ ಗೆರೆಯಿಂದ. ಹೊಸ ಆಡಳಿತಗಾರರು ಕಂಡದ್ದು ಜನವಿರಳವಾದ, ಮೃಗಗಳು ಹೆಚ್ಚುತ್ತಿದ್ದ ಭೂಮಿಯನ್ನು. ಒಂದು ಮಹಾಮಾರಿಯ ಮರುದಿನದ ದೃಶ್ಯವನ್ನು ಅವರು ಸೃಷ್ಟಿಯ ಮೊದಲ ದಿನದ ದೃಶ್ಯವೆಂದು ಭಾವಿಸಿದರು. ಮುಂದಿನ ನೂರು ವರ್ಷಗಳ ಕಾನೂನುಗಳೆಲ್ಲ ಈ ತಪ್ಪು ಓದಿನ ಮೇಲೆ ನಿಂತವು.

ಸಾರ್ಥದ ದಾರಿಯನ್ನು ಹಿಂದಕ್ಕೆ ತಳ್ಳಿದ್ದು ಉಗಾಂಡ ರೈಲುಮಾರ್ಗ. 1896ರಲ್ಲಿ ಮೊಂಬಾಸಾದಲ್ಲಿ ಆರಂಭವಾಗಿ 1901ರಲ್ಲಿ ವಿಕ್ಟೋರಿಯ ಸರೋವರದ ದಡವನ್ನು ಮುಟ್ಟಿದ ಈ ಮಾರ್ಗಕ್ಕಾಗಿ ಭಾರತದಿಂದ, ಅದರಲ್ಲೂ ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಕರಾರಿನ ಮೇಲೆ ಕರೆತರಲಾಯಿತು. ಅವರಲ್ಲಿ ಹತ್ತಿರಹತ್ತಿರ 2,500 ಮಂದಿ ಸತ್ತರು. 6,700ರಷ್ಟು ಮಂದಿ ಅಲ್ಲೇ ನೆಲೆಸಿದರು. 1898ರಲ್ಲಿ ತ್ಸಾವೊ ನದಿಯ ಸೇತುವೆಯ ಬಳಿ ಕೇಸರವಿಲ್ಲದ ಎರಡು ಗಂಡುಸಿಂಹಗಳು ತಿಂಗಳುಗಟ್ಟಲೆ ಕೂಲಿಗಳನ್ನು ಹಿಡಿದು ತಿಂದ ಪ್ರಕರಣ, ಅವನ್ನು ಕೊಂದ ಎಂಜಿನಿಯರ್ ಜಾನ್ ಪ್ಯಾಟರ್ಸನ್‌ನ 1907ರ ಪುಸ್ತಕದಿಂದ ಜಗತ್ಪ್ರಸಿದ್ಧವಾಯಿತು. ಸತ್ತವರ ಲೆಕ್ಕವನ್ನು ಆತ ಕಾಲಾನಂತರ 135ಕ್ಕೆ ಏರಿಸಿದ. ರೈಲ್ವೆಯ ದಾಖಲೆಯಲ್ಲಿ ಇರುವುದು 28 ಭಾರತೀಯರು, ಆಫ್ರಿಕನ್ನರ ಲೆಕ್ಕವನ್ನು ಯಾರೂ ಇಡಲಿಲ್ಲ. ಸಿಂಹಗಳ ಎಲುಬು, ಕೂದಲುಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿದ 2009ರ ಅಧ್ಯಯನ ಸುಮಾರು 35 ಎಂದಿತು. ಸಿಂಹದ ಕಥೆಗೆ ಸಿಕ್ಕ ಪ್ರಚಾರದಲ್ಲಿ ಮಲೇರಿಯ, ಭೇದಿ, ಕಾಲುಹುಣ್ಣುಗಳಿಂದ ಸತ್ತ ಸಾವಿರಾರು ಜನ ಮರೆಯಾದರು. ರೈಲು ಡಿಪೊ ಆಗಿ 1899ರಲ್ಲಿ ಹುಟ್ಟಿದ ನೈರೋಬಿ ಕೆಲವೇ ವರ್ಷಗಳಲ್ಲಿ ರಾಜಧಾನಿಯಾಯಿತು. ಹಳಿಗಳ ಪಕ್ಕದಲ್ಲಿ ಜೀಬ್ರಾ, ಜಿರಾಫೆಗಳು ಗಾಡಿಯಿಂದಲೇ ಕಾಣುತ್ತಿದ್ದುದರಿಂದ ರೈಲ್ವೆಯು ಅದನ್ನೇ ಜಾಹೀರಾತು ಮಾಡಿ ಯುರೋಪಿನ ಶ್ರೀಮಂತರನ್ನು ಕರೆಯಿತು.

ಬೇಟೆಯ ಸಫಾರಿ ಒಂದು ಉದ್ಯಮವಾಗಿ ಬೆಳೆದದ್ದು ಇಲ್ಲಿಂದ ಮುಂದೆ. 1904ರಲ್ಲಿ ನೈರೋಬಿಯಲ್ಲಿ ನಾರ್ಫಕ್ ಹೋಟೆಲ್ ತೆರೆಯಿತು. ನ್ಯೂಲಂಡ್ ಅಂಡ್ ಟಾರ್ಲ್ಟನ್ ಎಂಬ ಸಂಸ್ಥೆ ಡೇರೆ, ಹೊರೆಯಾಳು, ಅಡಿಗೆಯವ, ಬಂದೂಕು ಹಿಡಿಯುವವ ಮತ್ತು ಬಿಳಿಯ ಬೇಟೆಮಾರ್ಗದರ್ಶಿಯನ್ನು ಒಟ್ಟಾಗಿ ಬಾಡಿಗೆಗೆ ಒದಗಿಸತೊಡಗಿತು. ಹಿಟ್ಟು, ಉಪ್ಪು, ಕಂಬಳಿಗಳಿಗೆ ಭಾರತೀಯರ ದುಕಾನುಗಳಿದ್ದವು, ಲೆಕ್ಕವೆಲ್ಲ ಆಗ ಅಲ್ಲಿ ಚಲಾವಣೆಯಲ್ಲಿದ್ದ ಭಾರತದ ರೂಪಾಯಿಯಲ್ಲಿ ನಡೆಯುತ್ತಿತ್ತು. ಹೊರಗಿನಿಂದ ಬಂದ ಬೇಟೆಗಾರನ ಪರವಾನಗಿಗೆ 50 ಪೌಂಡ್, ಅಂದರೆ 750 ರೂಪಾಯಿ. ಯಾವ ಪ್ರಾಣಿಯನ್ನು ಎಷ್ಟು ಕೊಲ್ಲಬಹುದೆಂಬ ಪಟ್ಟಿ ಅದರಲ್ಲಿರುತ್ತಿತ್ತು. ಸಿಂಹ ಮತ್ತು ಚಿರತೆಗಳನ್ನು ಮಾತ್ರ ಪೀಡೆಗಳೆಂದು ಪರಿಗಣಿಸಿ ಮಿತಿಯಿಲ್ಲದೆ ಕೊಲ್ಲಲು ಬಿಟ್ಟಿದ್ದರು. ಇಂದು ಪ್ರವಾಸಿಗರು ಕ್ಯಾಮೆರಾ ಹಿಡಿದು ಎಣಿಸುವ ಐದು ಮಹಾಮೃಗಗಳ ಪಟ್ಟಿ, ಸಿಂಹ, ಚಿರತೆ, ಆನೆ, ಘೇಂಡಾಮೃಗ ಮತ್ತು ಕಾಡೆಮ್ಮೆ, ಈ ಬೇಟೆಗಾರರದೇ ಕೊಡುಗೆ. ನೆಲದ ಮೇಲೆ ನಿಂತು ಹೊಡೆಯಲು ಅತ್ಯಂತ ಅಪಾಯಕಾರಿಯಾದವು ಎಂಬುದೇ ಅದರ ಮಾನದಂಡವಾಗಿದ್ದರಿಂದ ಜಿರಾಫೆಗಾಗಲಿ ಚೀತಾಕ್ಕಾಗಲಿ ಅದರಲ್ಲಿ ಸ್ಥಾನವಿಲ್ಲ.

ಈ ಉದ್ಯಮಕ್ಕೆ ಜಾಗತಿಕ ಪ್ರಚಾರ ಕೊಟ್ಟವನು ಅಮೆರಿಕದ ಅಧ್ಯಕ್ಷ ಪದವಿಯಿಂದ ಆಗಷ್ಟೇ ಇಳಿದಿದ್ದ ಥಿಯೊಡರ್ ರೂಸ್‌ವೆಲ್ಟ್. ಸ್ಮಿತ್ಸೋನಿಯನ್ ಸಂಸ್ಥೆಯ ಮ್ಯೂಸಿಯಮ್ಮಿಗೆ ಮಾದರಿಗಳನ್ನು ಸಂಗ್ರಹಿಸುವ ಉದ್ದೇಶದಿಂದ 1909ರ ಏಪ್ರಿಲ್‌ನಲ್ಲಿ ಮಗ ಕರ್ಮಿಟ್‌ನೊಂದಿಗೆ ಮೊಂಬಾಸಾದಲ್ಲಿ ಇಳಿದ ಆತ, ಇನ್ನೂರಕ್ಕೂ ಹೆಚ್ಚು ಹೊರೆಯಾಳುಗಳ ತಂಡ ಕಟ್ಟಿಕೊಂಡು ಮುಂದಿನ ವರ್ಷದ ಮಾರ್ಚ್‌ನಲ್ಲಿ ಸುಡಾನಿನ ಖಾರ್ಟೂಮನ್ನು ತಲಪಿದ. ಚರ್ಮಗಳನ್ನು ಹದಮಾಡಲು ಟನ್‌ಗಟ್ಟಲೆ ಉಪ್ಪನ್ನೇ ಮನುಷ್ಯರು ಹೊತ್ತರು. ತಂದೆಮಕ್ಕಳು ಇಬ್ಬರೇ ಕೊಂದ ಪ್ರಾಣಿಗಳ ಸಂಖ್ಯೆ 512. ಅವುಗಳಲ್ಲಿ 17 ಸಿಂಹ, 11 ಆನೆ, 20 ಘೇಂಡಾಮೃಗ. ಇದೇ ರೂಸ್‌ವೆಲ್ಟ್ ತನ್ನ ದೇಶದಲ್ಲಿ ಅರಣ್ಯ ಸಂರಕ್ಷಣೆಯ ದೊಡ್ಡ ಪ್ರವರ್ತಕನಾಗಿದ್ದ ಎಂಬುದರಲ್ಲಿ ಆ ಕಾಲದವರಿಗೆ ವಿರೋಧಾಭಾಸವೇನೂ ಕಾಣಲಿಲ್ಲ, ಏಕೆಂದರೆ ಪರವಾನಗಿ ಪಡೆದು ಕೊಲ್ಲುವವನೇ ಸಂರಕ್ಷಕನೆಂಬ ನಂಬಿಕೆ ವಸಾಹತುಶಾಹಿ ಕಾನೂನಿನ ಬುಡದಲ್ಲೇ ಇತ್ತು. ಆ ನಂಬಿಕೆಯ ಇನ್ನೊಂದು ಮುಖ ಸ್ಥಳೀಯ ಬೇಟೆಗಾರರಿಗೆ ಎದುರಾಯಿತು. ತ್ಸಾವೊ ಪ್ರದೇಶದ ವಾಟಾ ಜನರು ವಿಷ ಸವರಿದ ಬಾಣ ಮತ್ತು ಉದ್ದಬಿಲ್ಲುಗಳಿಂದ ಆನೆಯನ್ನು ಬೇಟೆಯಾಡುವುದನ್ನೇ ಕುಲಕಸುಬಾಗಿ ಉಳ್ಳವರು; ಪರವಾನಗಿಯ ಹಣ ಅವರ ಊಹೆಗೂ ಮೀರಿದ್ದಾದ್ದರಿಂದ ಅವರ ಕಸುಬು ಕಾನೂನಿನ ಕಣ್ಣಿನಲ್ಲಿ ಕಳ್ಳಬೇಟೆಯಾಯಿತು, 1950ರ ದಶಕದ ಕಾರ್ಯಾಚರಣೆಗಳಲ್ಲಿ ಅವರಲ್ಲಿ ಅನೇಕರು ಜೈಲು ಸೇರಿದರು.

ಹೊರೆಯಾಳಿನ ಕಾಲ ಮುಗಿದದ್ದು ಮೊದಲ ಮಹಾಯುದ್ಧದಲ್ಲಿ, ಅದೂ ಅತ್ಯಂತ ಕ್ರೂರವಾಗಿ. ಜರ್ಮನ್ ಪೂರ್ವ ಆಫ್ರಿಕದ ಮೇಲಿನ ದಂಡಯಾತ್ರೆಗೆ ಬ್ರಿಟಿಷರು ಲಕ್ಷಾಂತರ ಆಫ್ರಿಕನ್ನರನ್ನು ಬಲವಂತವಾಗಿ ಹೊರೆ ಹೊರಿಸಿದರು. ಅಧಿಕೃತ ಲೆಕ್ಕದಲ್ಲೇ 40,000ಕ್ಕೂ ಹೆಚ್ಚು ಮಂದಿ ರೋಗ, ಹಸಿವುಗಳಿಂದ ಸತ್ತರು. ಆ ಹೊರೆಯಾಳು ಪಡೆಯ ಇಂಗ್ಲಿಷ್ ಹೆಸರಾದ ಕ್ಯಾರಿಯರ್ ಕೋರ್ ಎಂಬುದೇ ನಾಲಗೆಯಲ್ಲಿ ತಿರುಗಿ ನೈರೋಬಿಯ ಕರಿಯೊಕೊರ್, ದಾರ್ ಎಸ್ ಸಲಾಮಿನ ಕರಿಯಾಕೂ ಬಡಾವಣೆಗಳ ಹೆಸರಾಗಿ ಉಳಿದಿದೆ. ಯುದ್ಧದ ನಂತರ ಮೋಟಾರು ಬಂದಿತು, ವಿಮಾನ ಬಂದಿತು, ಸಿನಿಮಾ ಕ್ಯಾಮೆರಾ ಬಂದಿತು. ತಿಂಗಳುಗಳ ನಡಿಗೆ ದಿನಗಳಿಗೆ ಇಳಿದಾಗ ಕೊಲ್ಲುವುದೂ ಸುಲಭವಾಗಿ, ಸೆರೆಂಗೆಟಿಯಲ್ಲಿ ಕಾರಿನಲ್ಲೇ ಕುಳಿತು ಸಿಂಹಗಳನ್ನು ರಾಶಿರಾಶಿಯಾಗಿ ಹೊಡೆಯುವ ತಂಡಗಳು ಕಾಣಿಸಿಕೊಂಡವು. ವೃತ್ತಿಬೇಟೆಗಾರ ಡೆನಿಸ್ ಫಿಂಚ್ ಹ್ಯಾಟನ್ನನೇ ಇದನ್ನು ಖಂಡಿಸಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ. 1929ರಲ್ಲಿ ಸೆರೆಂಗೆಟಿಯ ಒಂದು ಭಾಗ ಸಂರಕ್ಷಿತ ಪ್ರದೇಶವಾಯಿತು, 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕೀನ್ಯದ ಕಡೆ 1946ರಲ್ಲಿ ನೈರೋಬಿ, 1948ರಲ್ಲಿ ತ್ಸಾವೊ ಉದ್ಯಾನಗಳು ಹುಟ್ಟಿದವು. ನ್ಯೆರಿ ಬಳಿಯ ಮರದ ಮೇಲಿನ ಟ್ರೀಟಾಪ್ಸ್ ಹೋಟೆಲಿನಲ್ಲಿ 1952ರ ಫೆಬ್ರುವರಿಯ ರಾತ್ರಿ ರಾಜಕುಮಾರಿ ಎಲಿಜಬೆತ್ ತಂಗಿದ್ದಾಗ ಜೊತೆಗಿದ್ದವನು ಕುಮಾವೂನಿನ ನರಭಕ್ಷಕಗಳ ಬೇಟೆಗಾರ ಜಿಮ್ ಕಾರ್ಬೆಟ್. ಭಾರತ ಸ್ವತಂತ್ರವಾದ ಮೇಲೆ ಕೀನ್ಯಕ್ಕೆ ವಲಸೆ ಹೋಗಿದ್ದ ಆತ ಅದೇ ಊರಿನಲ್ಲಿ 1955ರಲ್ಲಿ ತೀರಿಕೊಂಡ.

ರಾಷ್ಟ್ರೀಯ ಉದ್ಯಾನವೆಂದರೆ ಮನುಷ್ಯವಾಸವಿಲ್ಲದ ಭೂಮಿಯೆಂಬ ಕಲ್ಪನೆಯನ್ನು ಐರೋಪ್ಯ ರಾಷ್ಟ್ರಗಳು 1933ರ ಲಂಡನ್ ಒಪ್ಪಂದದಲ್ಲಿ ಗಟ್ಟಿಮಾಡಿಕೊಂಡಿದ್ದವು. ಸೆರೆಂಗೆಟಿಯಲ್ಲಿ ಆ ಕಲ್ಪನೆಯು ಬದುಕಿದ್ದ ಜನರನ್ನು ಎದುರಿಸಬೇಕಾಯಿತು. ಮಸಾಯಿಗಳನ್ನು 20ನೆಯ ಶತಮಾನದ ಆರಂಭದಲ್ಲೇ, 1904 ಮತ್ತು 1911ರ ಒಪ್ಪಂದಗಳ ಹೆಸರಿನಲ್ಲಿ, ಕೀನ್ಯದ ಲೈಕಿಪಿಯದಂಥ ಒಳ್ಳೆಯ ಹುಲ್ಲುನೆಲಗಳಿಂದ ಬಿಳಿಯ ವಸಾಹತುಗಾರರಿಗಾಗಿ ತೆರವು ಮಾಡಿಸಲಾಗಿತ್ತು. ಈ ಬಾರಿ ತೆರವು ವನ್ಯಮೃಗಗಳ ಹೆಸರಿನಲ್ಲಿ. 1958ರಲ್ಲಿ 12 ಮಂದಿ ಮಸಾಯಿ ಹಿರಿಯರಿಂದ ಸಹಿ ಪಡೆದ ಪತ್ರದ ಪ್ರಕಾರ ಅವರು ಸೆರೆಂಗೆಟಿಯನ್ನು ಬಿಟ್ಟುಕೊಟ್ಟರು, ಬದಲಿಗೆ 1959ರಲ್ಲಿ ಪ್ರತ್ಯೇಕಿಸಿದ ಸುಮಾರು 8,300 ಚದರ ಕಿಲೋಮೀಟರಿನ ಎನ್‌ಗೊರೊಂಗೊರೊ ಸಂರಕ್ಷಣಾ ಪ್ರದೇಶದಲ್ಲಿ ದನಗಳೊಂದಿಗೆ ವಾಸಿಸುವ ಹಕ್ಕನ್ನು ಪಡೆದರು. ಮನುಷ್ಯರ ಹಿತಕ್ಕೂ ಮೃಗಗಳ ಹಿತಕ್ಕೂ ತಿಕ್ಕಾಟ ಬಂದರೆ ಮನುಷ್ಯರ ಹಿತವೇ ಮೊದಲೆಂದು ಬ್ರಿಟಿಷ್ ಗವರ್ನರ್ ಅವರಿಗೆ ಮಾತು ಕೊಟ್ಟ. ಉದ್ಯಾನದೊಳಗಿನ ಮೊರು ಬಂಡೆಗಳ ಮೇಲೆ ಮಸಾಯಿ ಯೋಧರು ಬಿಡಿಸಿದ ಗುರಾಣಿಗಳ ಕೆಂಪು, ಬಿಳಿ, ಕಪ್ಪು ಚಿತ್ರಗಳು ಈಗಲೂ ಇವೆ, ಪ್ರವಾಸಿಗರಿಗೆ ಅವನ್ನೂ ಒಂದು ಆಕರ್ಷಣೆಯಾಗಿ ತೋರಿಸಲಾಗುತ್ತದೆ.

ಇದೇ ಹೊತ್ತಿನಲ್ಲಿ ಫ್ರಾಂಕ್‌ಫರ್ಟ್ ಮೃಗಾಲಯದ ನಿರ್ದೇಶಕ ಬರ್ನ್‌ಹಾರ್ಡ್ ಗ್ರಿಜಿಮೆಕ್ ಮತ್ತು ಅವನ ಮಗ ಮೈಕೇಲ್ ಜೀಬ್ರಾದಂತೆ ಪಟ್ಟೆ ಬಳಿದ ಸಣ್ಣ ವಿಮಾನದಲ್ಲಿ ಹಾರಾಡಿ ಸೆರೆಂಗೆಟಿಯ ಮೃಗಗಳನ್ನು ಎಣಿಸಿದರು. ಹೊಸ ಗಡಿಗಳು ಮೃಗಗಳ ವಲಸೆಯ ದಾರಿಗೆ ಹೊಂದುವುದಿಲ್ಲವೆಂದು ವಾದಿಸಿದರು. 1959ರ ಜನವರಿಯಲ್ಲಿ ರಣಹದ್ದೊಂದು ಬಡಿದು ವಿಮಾನ ಬಿದ್ದು ಮೈಕೇಲ್ ಸತ್ತ. ಅವರ ಸಾಕ್ಷ್ಯಚಿತ್ರ ಮರುವರ್ಷ ಆಸ್ಕರ್ ಪಡೆದು, ಸೆರೆಂಗೆಟಿ ಉಳಿಯಬೇಕೆಂಬ ಕೂಗನ್ನು ಜರ್ಮನಿಯ ಮನೆಮನೆಗೂ ತಲಪಿಸಿತು. ಆ ಕೂಗಿನಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಬಯಲಿಗೆ ಶತ್ರುಗಳೆಂದು ಅದು ಬೆರಳು ತೋರಿದ್ದು ಮಸಾಯಿ ದನಗಳತ್ತ, ಅವುಗಳೊಂದಿಗೆ ತಲೆಮಾರುಗಳಿಂದ ಮೃಗಗಳು ಬದುಕಿದ್ದವೆಂಬ ಸಂಗತಿಯನ್ನು ಬದಿಗಿಟ್ಟು.

ಗ್ರಿಜಿಮೆಕ್‌ರ ಎಣಿಕೆಯಲ್ಲಿ ವಿಲ್ಡೆಬೀಸ್ಟ್‌ಗಳು ಒಂದು ಲಕ್ಷವೂ ಇರಲಿಲ್ಲ. 1961ರ ಗಣತಿಯಲ್ಲಿ ಅವು ಎರಡೂವರೆ ಲಕ್ಷ, 1970ರ ದಶಕದ ಕೊನೆಗೆ ಹದಿಮೂರು ಲಕ್ಷದ ಆಸುಪಾಸು. ಎಣಿಸುವ ವಿಧಾನ ಸುಧಾರಿಸಿದ್ದನ್ನು ಕಳೆದರೂ ಈ ಏರಿಕೆ ಅಸಾಮಾನ್ಯ; ಅದಕ್ಕೆ ಕಾರಣ ಉದ್ಯಾನದ ಬೇಲಿಗಿಂತ ಹೆಚ್ಚಾಗಿ ಉದ್ಯಾನದ ಹೊರಗಿನ ದನಗಳಿಗೆ ಹಾಕಿದ ಲಸಿಕೆ. ದೊಡ್ಡರೋಗದ ವೈರಾಣು ಎಪ್ಪತ್ತು ವರ್ಷಗಳ ಕಾಲ ದನಗಳ ಮಂದೆಗಳಲ್ಲಿ ನೆಲೆಯೂರಿ, ಅಲ್ಲಿಂದ ದಾಟಿ ವಿಲ್ಡೆಬೀಸ್ಟ್ ಕರುಗಳನ್ನು ವರ್ಷವರ್ಷವೂ ಕೊಲ್ಲುತ್ತಿತ್ತು. ಈ ರೋಗದ ವಿರುದ್ಧ ಮೊದಲ ದೊಡ್ಡ ಗೆಲುವು ಸಿಕ್ಕಿದ್ದು ಭಾರತದಲ್ಲಿ: ಹಿಮಾಲಯದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಜೆ.ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ವೈರಾಣುವನ್ನು ಮೇಕೆಗಳ ಮೂಲಕ ಮತ್ತೆಮತ್ತೆ ಹಾಯಿಸಿ, ಅದರ ಕಸುವು ಕುಂದಿಸಿ ಲಸಿಕೆಯಾಗಿಸಿದ. ಮುಂದೆ ಕೀನ್ಯದ ಮುಗುಗಾ ಪ್ರಯೋಗಾಲಯದಲ್ಲಿ ವಾಲ್ಟರ್ ಪ್ಲೋರೈಟ್ ಜೀವಕೋಶಗಳಲ್ಲಿ ಬೆಳೆಸಿದ ಇನ್ನೂ ಸುರಕ್ಷಿತವಾದ ಲಸಿಕೆಯನ್ನು ರೂಪಿಸಿದ. ಬಯಲಿನ ಸುತ್ತಲಿನ ದನಗಳು ರೋಗಮುಕ್ತವಾದದ್ದೇ ತಡ ವಿಲ್ಡೆಬೀಸ್ಟ್ ಕರುಗಳೂ ಬದುಕಿದವು. ಅವು ಹುಲ್ಲನ್ನು ಹೆಚ್ಚು ಮೇಯ್ದುದರಿಂದ ಕಾಳ್ಗಿಚ್ಚು ಕಡಿಮೆಯಾಗಿ ಮರಗಳು ಬೆಳೆದವು, ಸಿಂಹ, ಕತ್ತೆಕಿರುಬಗಳು ಹೆಚ್ಚಿದವು. ಸಿಡುಬಿನ ನಂತರ ಭೂಮಿಯಿಂದ ಅಳಿಸಿಹೋದ ಎರಡನೆಯ ರೋಗವೆಂದು ರಿಂಡರ್‌ಪೆಸ್ಟನ್ನು 2011ರಲ್ಲಿ ಘೋಷಿಸಲಾಯಿತು. ಇಂದು ಮಾರಾ ನದಿಯನ್ನು ದಾಟುವ ಮಹಾವಲಸೆಯನ್ನು ಕಂಡು ಅದನ್ನು ಅನಾದಿಯೆಂದು ಬೆರಗುಗೊಳ್ಳುವವರು ನೋಡುತ್ತಿರುವುದು, ಆ ಗಾತ್ರದ ಮಟ್ಟಿಗಾದರೂ, ಪಶುವೈದ್ಯರ ಸಾಧನೆಯನ್ನು.

ಸ್ವಾತಂತ್ರ್ಯಾನಂತರದ ಸರ್ಕಾರಗಳು ಉದ್ಯಾನಗಳನ್ನು ಉಳಿಸಿಕೊಂಡವು. 1961ರಲ್ಲಿ ಟಾಂಜಾನಿಯದ ನಾಯಕ ಜೂಲಿಯಸ್ ನ್ಯೆರೆರೆಯ ಹೆಸರಿನಲ್ಲಿ ಹೊರಟ ಅರುಷಾ ಪ್ರಣಾಳಿಕೆ ವನ್ಯಜೀವಿಗಳ ರಕ್ಷಣೆಯ ಹೊಣೆಯನ್ನು ಹೊತ್ತಿತು. ವಿದೇಶಿ ವಿನಿಮಯದ ಅಗತ್ಯ ಅದಕ್ಕೆ ಬಲವಾದ ಬೆಂಬಲವಾಗಿತ್ತು. ಕೀನ್ಯ 1977ರಲ್ಲಿ ಬೇಟೆಯನ್ನು ಪೂರ್ತಿ ನಿಷೇಧಿಸಿತು. ಅದೇ ವರ್ಷ ಟಾಂಜಾನಿಯ ಗಡಿಯನ್ನು ಮುಚ್ಚಿದ್ದರಿಂದ ನೈರೋಬಿಯಿಂದ ಸೆರೆಂಗೆಟಿಗೆ ಸುತ್ತಿ ಬರುತ್ತಿದ್ದ ಪ್ರವಾಸಿ ದಾರಿ ಕಡಿದು, 1,510 ಚದರ ಕಿಲೋಮೀಟರಿನ ಚಿಕ್ಕ ಮಸಾಯಿ ಮಾರಾದ ಮೇಲೆ ಎಲ್ಲ ವಾಹನಗಳ ಒತ್ತಡ ಬಿದ್ದಿತು. ಇಂದಿನ ಅಲ್ಲಿನ ವಾಹನದಟ್ಟಣೆಗೆ ಗಡಿಯನ್ನು ಮುಚ್ಚಿಸಿದ ಆ ರಾಜಕೀಯ ಜಗಳವೂ ಒಂದು ಕಾರಣ. ಇತ್ತ ದಂತದ ಹಳೆಯ ವ್ಯಾಪಾರ ಹೊಸ ಬಂದೂಕುಗಳೊಂದಿಗೆ ಮರಳಿ ಬಂದು, ಆಫ್ರಿಕದ ಆನೆಗಳು 1979ರ ಅಂದಾಜಿನ 13 ಲಕ್ಷದಿಂದ ಹತ್ತೇ ವರ್ಷದಲ್ಲಿ 6 ಲಕ್ಷಕ್ಕೆ ಇಳಿದವು. 1989ರ ಜುಲೈನಲ್ಲಿ ಕೀನ್ಯದ ಅಧ್ಯಕ್ಷ ಡೇನಿಯಲ್ ಅರಪ್ ಮೊಯ್ ನೈರೋಬಿಯಲ್ಲಿ 12 ಟನ್ ದಂತಕ್ಕೆ ಬೆಂಕಿ ಕೊಟ್ಟ ಬಳಿಕ, ಅದೇ ವರ್ಷ ಅಂತಾರಾಷ್ಟ್ರೀಯ ದಂತ ವ್ಯಾಪಾರಕ್ಕೆ ನಿಷೇಧ ಬಂದಿತು.

ಆಫ್ರಿಕದ ಈ ಪದ್ಧತಿ ಕರ್ನಾಟಕಕ್ಕೂ ಬಂದಿತು. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಸಂಸ್ಥೆಯು ಮೈಸೂರು ಅರಸರ ಬೇಟೆಯ ಬಂಗಲೆಯಿದ್ದ ಕಾರಾಪುರದಲ್ಲಿ, ಕಬಿನಿಯ ಹಿನ್ನೀರಿನ ದಡದಲ್ಲಿ ಪ್ರವಾಸಿಗರನ್ನು ಜೀಪಿನಲ್ಲಿ ಕಾಡಿಗೆ ಕರೆದೊಯ್ಯುವ ಏರ್ಪಾಡು ಮಾಡಿದ್ದು ಪೂರ್ವ ಆಫ್ರಿಕದಲ್ಲಿ ಬೆಳೆದ ಕ್ರಮದಂತೆಯೇ. ಸಫಾರಿ ಎಂಬ ಮಾತು ನಾಗರಹೊಳೆ, ಬಂಡೀಪುರಗಳ ಫಲಕಗಳಿಗೆ ಬಂದದ್ದೂ ಆ ಮೂಲಕ. ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳ ಪ್ರಶ್ನೆಯೂ ಅದೇ ಮಾದರಿಯ ಒಂದು ಭಾಗವೆಂಬುದನ್ನು ನಮ್ಮ ವನ್ಯಜೀವಿ ಬರಹಗಾರರು ತಡವಾಗಿ ಗಮನಿಸಿದರು. ಈಗ ಬೆಂಗಳೂರು, ಮೈಸೂರುಗಳ ಛಾಯಾಗ್ರಾಹಕರು ಜುಲೈನಿಂದ ಅಕ್ಟೋಬರಿನ ವರೆಗಿನ ತಿಂಗಳುಗಳಲ್ಲಿ ಮಸಾಯಿ ಮಾರಾದ ನದಿದಡದಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತಾರೆ.

ಎನ್‌ಗೊರೊಂಗೊರೊದ ಒಪ್ಪಂದ ಮಾತ್ರ ಬರೆದಂತೆ ಉಳಿಯಲಿಲ್ಲ. ಪುರಾತನ ಜ್ವಾಲಾಮುಖಿ ಕುಸಿದು ಉಂಟಾದ, ಸುಮಾರು 600 ಮೀಟರ್ ಆಳ ಮತ್ತು 260 ಚದರ ಕಿಲೋಮೀಟರ್ ತಳವಿರುವ ಅಲ್ಲಿನ ಬಟ್ಟಲುನೆಲದಿಂದ ಮಸಾಯಿ ಕುಟುಂಬಗಳನ್ನು 1974ರಲ್ಲಿ ಹೊರಹಾಕಲಾಯಿತು. 1975ರಲ್ಲಿ ಇಡೀ ಪ್ರದೇಶದಲ್ಲಿ ಬೇಸಾಯ ನಿಷಿದ್ಧವಾಯಿತು. 1979ರಲ್ಲಿ ಅದು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 36 ಲಕ್ಷ ವರ್ಷಗಳ ಹಿಂದೆ ಎರಡು ಕಾಲಿನ ಮೇಲೆ ನಡೆದವರ ಹೆಜ್ಜೆಗುರುತುಗಳು ಲೇಟೊಲಿಯಲ್ಲಿ ಸಿಕ್ಕಿರುವುದು ಇದೇ ಸಂರಕ್ಷಣಾ ಪ್ರದೇಶದೊಳಗೆ, ಮತ್ತು ಮನುಷ್ಯನಿಗೆ ಇಲ್ಲಿ ಸ್ಥಾನವಿದೆಯೇ ಎಂಬ ಚರ್ಚೆ ನಡೆಯುತ್ತಿರುವುದೂ ಅಲ್ಲೇ. 1959ರಲ್ಲಿ ಸುಮಾರು 8,000 ಇದ್ದ ಜನಸಂಖ್ಯೆ ಒಂದು ಲಕ್ಷದ ಸಮೀಪಕ್ಕೆ ಬೆಳೆದಿರುವುದು ಸರ್ಕಾರದ ಮುಖ್ಯ ವಾದ, ಅದು ಸುಲಭವಾಗಿ ತಳ್ಳಿಹಾಕಬಹುದಾದ ವಾದವೂ ಅಲ್ಲ. ಆದರೆ ಅದೇ ಅವಧಿಯಲ್ಲಿ ಬಟ್ಟಲಿನ ಅಂಚಿನಲ್ಲಿ ಹೋಟೆಲುಗಳೂ ದಿನವೂ ಇಳಿಯುವ ವಾಹನಗಳೂ ಹೆಚ್ಚಿದ್ದನ್ನು ಆ ವಾದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2022ರಿಂದ ಟಾಂಜಾನಿಯ ಸರ್ಕಾರವು ಅಲ್ಲಿನ ಮಸಾಯಿಗಳನ್ನು ಹಂಡೇನಿ ಜಿಲ್ಲೆಯ ಮ್ಸೊಮೆರಾ ಎಂಬ ಊರಿಗೆ ಸಾಗಿಸುತ್ತಿದೆ. ಅದು ಸ್ವಇಚ್ಛೆಯ ಸ್ಥಳಾಂತರವೆಂದು ಸರ್ಕಾರ ಹೇಳಿದರೆ, ಶಾಲೆ, ಆಸ್ಪತ್ರೆಗಳ ಅನುದಾನವನ್ನು ತಡೆದು ಹೊರದೂಡುವ ಕ್ರಮವೆಂದು ಮಸಾಯಿ ಸಂಘಟನೆಗಳು ದೂರುತ್ತಿವೆ. 2024ರ ಆಗಸ್ಟ್‌ನಲ್ಲಿ, ತಮ್ಮ ಹಳ್ಳಿಗಳನ್ನು ಮತದಾರರ ನೋಂದಣಿಯಿಂದಲೇ ಕೈಬಿಡಲಾಗಿದೆಯೆಂದು ಸಾವಿರಾರು ಮಸಾಯಿಗಳು ಎನ್‌ಗೊರೊಂಗೊರೊದಿಂದ ಸೆರೆಂಗೆಟಿಗೆ ಹೋಗುವ ಹೆದ್ದಾರಿಯಲ್ಲಿ ನಿಂತು, ಸಫಾರಿಯ ವಾಹನಗಳನ್ನು ದಿನಗಟ್ಟಲೆ ತಡೆದರು.